ಬ್ರೇಕ್ ಎಣ್ಣೆ ನೋಡುವವಳು

ಉಮಾಮಹೇಶ್ವರಯ್ಯನವರ ಕಾರನ್ನು ಅವರನ್ನು ಬಿಟ್ಟು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ಮುಟ್ಟಿದರೆ ಅವರ ಮೈ ಉರಿಯುತ್ತಿತ್ತು. ಮೈಸೂರಿನಿಂದ ವರ್ಗವಾಗಿ ಕೊಚ್ಚಿಗೆ ಬಂದು, ವಿಲಿಂಗ್ಡನ್ ದ್ವೀಪದ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ, ಅಲ್ಲಿಯ ಕ್ವಾರ್ಟರ್ಸಿನಲ್ಲೇ ಬೇರು ಬಿಟ್ಟಿದ್ದ ಈ ಮನುಷ್ಯನಿಗೆ ಕಚೇರಿಯ ಫೈಲುಗಳಿಗಿಂತ ತಮ್ಮ ಹಳೆಯ ಫಿಯೆಟ್ಟಿನ ಹೊಟ್ಟೆಯೊಳಗಿನ ಸಂಗತಿ ಚೆನ್ನಾಗಿ ಗೊತ್ತಿತ್ತು. ಸಮುದ್ರದ ಉಪ್ಪುಗಾಳಿ ಕಾರನ್ನು ಎಲ್ಲಿಂದ ತಿನ್ನಲು ಶುರುಮಾಡುತ್ತದೆ, ಎಲ್ಲಿ ಬಣ್ಣದ ಕೆಳಗೆ ಕದ್ದು ಕೂತಿರುತ್ತದೆ ಎಂದು ಅವರು ಬೆರಳಲ್ಲಿ ತಟ್ಟಿ ಹೇಳುತ್ತಿದ್ದರು. ಭಾನುವಾರ ಬಂತೆಂದರೆ ಹಳೇ ಪಂಚೆ ಎತ್ತಿ ಕಟ್ಟಿ ಕಾರಿನಡಿ ನುಸುಳಿಬಿಡುವುದು. ಮಾತಾಡಿಸಬೇಕೆಂದು ಬಂದವರು ಅವರ ಪಾದಗಳ ಜೊತೆ ಮಾತಾಡಿ ಹೋಗಬೇಕಿತ್ತು.

ಆ ಉಪ್ಪುಗಾಳಿಗೆ ಬ್ರೇಕಿನ ಪೈಪುಗಳೆಂದರೆ ಬಲು ಇಷ್ಟ. ಕೆಲವು ವರ್ಷಕ್ಕೊಮ್ಮೆ ಒಂದಲ್ಲ ಒಂದು ಪೈಪು ತುಕ್ಕು ಹಿಡಿದು ತೂತಾಗುತ್ತಿತ್ತು. ಪೈಪು ಬದಲಾಯಿಸಿದರೆ ಸಾಲದು, ಒಳಗೆ ಸೇರಿಕೊಂಡ ಗಾಳಿಯನ್ನೂ ತೆಗೆಯಬೇಕು. ಎಣ್ಣೆಯನ್ನು ಒತ್ತಿದರೆ ಅದು ಹೋಗಿ ಚಕ್ರವನ್ನು ಹಿಡಿಯುತ್ತದೆ. ಗಾಳಿಯನ್ನು ಒತ್ತಿದರೆ ಅದು ಸುಮ್ಮನೆ ಕುಗ್ಗಿ ಕೂರುತ್ತದೆ, ಕಾರು ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹಿಂದಿನ, ಗಾಳಿ ಹೊರಬಿಡುವ ನಿಪ್ಪಲನ್ನು ಸ್ವಲ್ಪ ಸಡಿಲಿಸಿ, ಗುಳ್ಳೆ ಬಂದ ಮೇಲೆ ಮತ್ತೆ ಬಿಗಿ ಮಾಡಬೇಕು. ಬಿಗಿಯಾದ ಮೇಲೆಯೇ ಪೆಡಲಿನಿಂದ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಹೊರಗೆ ಹೋದ ಗಾಳಿ ಬಂದ ದಾರಿಯಲ್ಲೇ ವಾಪಸಾಗುತ್ತದೆ.

ಉಮಾಮಹೇಶ್ವರಯ್ಯನವರ ಮನೆಯಲ್ಲಿ ಇದು ಮೂವರ ಕೆಲಸವಾಗಿತ್ತು. ಮಗಳು ನಿರ್ಮಲ ಲಂಗ ಹಾಕಿಕೊಳ್ಳುತ್ತಿದ್ದ ವಯಸ್ಸಿನಿಂದ ಡ್ರೈವರ್ ಸೀಟಿನ ತುದಿಯಲ್ಲಿ ಕೂತು, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಪೆಡಲ್ ಒತ್ತುತ್ತಿದ್ದಳು. ಅಪ್ಪ ಹಿಂದಿನ ಎಡಚಕ್ರದ ಹತ್ತಿರ ಅಂಗಾತ ಮಲಗಿ "ಒತ್ತು" ಅನ್ನುವರು. "ಒತ್ತಿದೆ" ಅನ್ನುವಳು. "ಬಿಡು." "ಬಿಟ್ಟೆ." ಹೆಂಡತಿ ಸುಮಿತ್ರ ಬಾನೆಟ್ ಎತ್ತಿದ ಕಡೆ ಎಣ್ಣೆಯ ಡಬ್ಬ ಹಿಡಿದು ನಿಂತು, ಪೈಪುಗಳಿಗೆ ಎಣ್ಣೆ ಉಣಿಸುವ ಬುರುಡೆ ಬರಿದಾಗಿ ಗಾಳಿ ಎಳೆದುಕೊಳ್ಳದ ಹಾಗೆ ನೋಡಿಕೊಳ್ಳುತ್ತಿದ್ದಳು. "ಕಮ್ಮಿ ಆಯ್ತು, ತಡೀರಿ ಒಂದ್ನಿಮಿಷ" ಎಂದು ಅವಳು ಕೂಗಿದರೆ ಅಪ್ಪ ಮಗಳು ಇಬ್ಬರೂ ನಿಲ್ಲಬೇಕು. ಈ ಕೆಲಸ ನಡೆಯುವಾಗ ಅವರ ಅಂಗಳದಲ್ಲಿ ಒಂಥರಾ ಹಬ್ಬದ ಕಳೆ ಇರುತ್ತಿತ್ತು. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾದ ಮೇಲೆ ಮೂವರೂ ಕಾರು ಹತ್ತಿ ವೆಂಡುರುತ್ತಿ ಸೇತುವೆಯ ತನಕ ಹೋಗಿ, ಸುಮ್ಮಸುಮ್ಮನೆ ನಾಲ್ಕು ಸಲ ಬ್ರೇಕ್ ಹಾಕಿ ಬರುತ್ತಿದ್ದರು.

ಅದೆಲ್ಲ ನಿರ್ಮಲ ಮದುವೆಯಾಗುವ ಮುಂಚಿನ ಮಾತು. ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಕೆಲಸ ಸಿಕ್ಕಿ ತಿರುವನಂತಪುರಕ್ಕೆ ಹೋದವಳು, ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಸುಕುಮಾರನ್ ಎಂಬ ಮಲಯಾಳಿ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಹೇಳದೆ ಆಗಲಿಲ್ಲ. ಹೇಳಿದಳು, ಕೇಳಿದಳು, ಅತ್ತಳು, ಆಮೇಲೆ ಆದಳು. ಉಮಾಮಹೇಶ್ವರಯ್ಯ ಮನೆಗೆ ಬರಬೇಡ ಎನ್ನಲಿಲ್ಲ, ಅಷ್ಟು ಕಲ್ಲುಮನಸ್ಸು ಅವರದ್ದಲ್ಲ. ಆದರೆ ಇನ್ನು ಮೇಲೆ ಅವಳ ಹತ್ತಿರ ಒಂದು ಮಾತೂ ಆಡುವುದಿಲ್ಲ, ಅವಳ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಹೆಂಡತಿಯ ಮುಂದೆ ಹೇಳಿದರು. ಅಪ್ಪನಿಗೆ ತಕ್ಕ ಮಗಳು. ಅವರು ಬಾಯಿ ಬಿಡುವ ತನಕ ನಾನೂ ಬಿಡುವುದಿಲ್ಲ ಎಂದು ಅವಳೂ ಪಟ್ಟು ಹಿಡಿದಳು.

ಹಾಗಾಗಿ ಎಲ್ಲ ಮಾತೂ ಸುಮಿತ್ರಳ ಮೂಲಕವೇ ಹೋಗಬೇಕಾಯಿತು. ನಿರ್ಮಲ ರಜೆಗೆ ಬಂದಾಗ ಮೂವರೂ ಒಂದೇ ಅಡುಗೆಮನೆಯಲ್ಲಿ, ಒಂದೇ ಸಾಲಿನಲ್ಲಿ ಊಟಕ್ಕೆ ಕೂರುತ್ತಿದ್ದರು. ನಡುವೆ ಸುಮಿತ್ರ.

"ಹುಳಿಗೆ ಉಪ್ಪು ಜಾಸ್ತಿ ಹಾಕಿದಾಳೆ ಅಂತ ಹೇಳೇ ಅವಳಿಗೆ."

"ಹುಳಿ ಚೆನ್ನಾಗಿದೆಯಂತೆ ಕಣೇ. ಉಪ್ಪು ಒಂದ್ ಚೂರು ಮುಂದಂತೆ."

"ಅವರಿಗೆ ಬಿ.ಪಿ. ಇದ್ಯಲ್ಲಮ್ಮಾ, ಉಪ್ಪೇ ತಿನ್ನಬಾರ್ದು ಅಂತ ಹೇಳು."

"ಮಾತ್ರೆ ಸರಿಯಾಗಿ ತಗೋತಿದೀರಾ ಅಂತ ಕೇಳ್ತಿದಾಳೆ ರೀ."

ಮೂವರಿಗೂ ಎಲ್ಲವೂ ಕೇಳಿಸುತ್ತಿತ್ತು. ಆದರೂ ಸುಮಿತ್ರ ಹೇಳುವ ತನಕ ಮಾತು ಮುಟ್ಟಿತೆಂದು ಲೆಕ್ಕವಿಲ್ಲ. ಉಮಾಮಹೇಶ್ವರಯ್ಯ ಮಗಳ ಬಾಯಿಂದ ನೇರವಾಗಿ ಕೇಳಿದ್ದನ್ನೂ, ಎಡಗಡೆ ತಿರುಗಿ "ಏನಂತೆ?" ಎಂದು ಹೆಂಡತಿಯನ್ನು ಕೇಳಿ, ಅವಳು ಅದಕ್ಕೆ ಸ್ವಲ್ಪ ಬೆಲ್ಲ ಬೆರೆಸಿ ಕೊಟ್ಟ ಮೇಲೆಯೇ ಉತ್ತರ ಹೇಳುತ್ತಿದ್ದರು. ಹೊರಗಿನವರು ನೋಡಿದ್ದರೆ ನಗುತ್ತಿದ್ದರು. ಅದಕ್ಕೇ ಹೊರಗಿನವರು ಇದ್ದಾಗ ಅವರು ಊಟಕ್ಕೇ ಕೂರುತ್ತಿರಲಿಲ್ಲ. ನಾಲ್ಕು ವರ್ಷ ಹೀಗೇ ನಡೆಯಿತು. ರೂಢಿಯಾದ ಮೇಲೆ ಕೋಪ ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ, ರೂಢಿ ಮಾತ್ರ ಉಳಿಯಿತು.

ಎಪ್ಪತ್ನಾಲ್ಕರ ಏಪ್ರಿಲ್ಲಿನಲ್ಲಿ ಸುಮಿತ್ರಳಿಗೆ ಹೊಟ್ಟೆನೋವು ಜಾಸ್ತಿಯಾಯಿತು. ಗರ್ಭಕೋಶದಲ್ಲಿ ಗಡ್ಡೆಯಿದೆ, ತೆಗೆಸಬೇಕು, ಹೆದರುವಂಥದ್ದಲ್ಲ ಎಂದರು ಡಾಕ್ಟರು. ತಿರುವನಂತಪುರದಲ್ಲಿ ಒಳ್ಳೆಯ ಆಸ್ಪತ್ರೆಯಿದೆ ಎಂದು ನಿರ್ಮಲ ಬಂದು ಅಮ್ಮನನ್ನು ಅಲ್ಲಿಯ ಪಟ್ಟಂ ಬಡಾವಣೆಯ ತನ್ನ ಮನೆಗೆ ಕರೆದುಕೊಂಡು ಹೋದಳು. ಆಪರೇಷನ್ನಿಗೆ ಮೇ ತಿಂಗಳ ಒಂದು ಸೋಮವಾರ ನಿಗದಿಯಾಯಿತು. ಭಾನುವಾರ ಕಾರು ತೆಗೆದುಕೊಂಡು ನೇರ ಆಸ್ಪತ್ರೆಗೇ ಬರುತ್ತೇನೆ, ವಾಪಸು ಬರುವಾಗ ನಿನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬರುತ್ತೇನೆ ಎಂದು ಉಮಾಮಹೇಶ್ವರಯ್ಯ ಹೆಂಡತಿಗೆ ಮಾತು ಕೊಟ್ಟಿದ್ದರು.

ಆ ವಾರವೇ, ಶುಕ್ರವಾರ ಸಂಜೆ, ಕಚೇರಿಯಿಂದ ಬರುತ್ತಿದ್ದಾಗ ಅವರ ಕಾಲಿನಡಿಯ ಬ್ರೇಕು ಸೀದಾ ನೆಲ ಮುಟ್ಟಿತು. ಹ್ಯಾಂಡ್‌ಬ್ರೇಕಿನಲ್ಲಿ ಹೇಗೋ ಮನೆ ಸೇರಿದರು. ಕಾರಿನಡಿ ಉದ್ದಕ್ಕೂ ಹಿಂದಕ್ಕೆ ಹೋಗುವ ಪೈಪು ತುಕ್ಕು ತಿಂದು ಬಿರುಕು ಬಿಟ್ಟಿತ್ತು. ಶನಿವಾರ ಎರ್ನಾಕುಲಂಗೆ ಹೋಗಿ ಹೊಸ ಪೈಪು ತಂದು ಹಾಕಿ ಮುಗಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಗಾಳಿ ತೆಗೆಯುವುದೊಂದು ಉಳಿದಿತ್ತು, ಅದಕ್ಕೆ ಇನ್ನೊಬ್ಬರು ಬೇಕಿತ್ತು.

ಆ ಇನ್ನೊಬ್ಬಳು ಅದೇ ಹೊತ್ತಿಗೆ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ರೈಲು ಮುಷ್ಕರದ ದಿನಗಳು. ಬಸ್ಸಿನಲ್ಲಿ ತಿರುವನಂತಪುರದಿಂದ ಕೊಚ್ಚಿಯ ತನಕ ನಿಂತೇ ಬಂದ ನಿರ್ಮಲಳ ಮುಖ ಬಾಡಿತ್ತು.

ಉಮಾಮಹೇಶ್ವರಯ್ಯ ಅಭ್ಯಾಸಬಲದಿಂದ ಎಡಕ್ಕೆ ತಿರುಗಿದರು. ಅಲ್ಲಿ ರೇಡಿಯೋ ಇತ್ತು. "ಅನ್ನ ಇದೆ, ಸಾರಿದೆ, ಬಡಿಸ್ಕೊಂಡು ತಿನ್ನೋದು," ಎಂದು ರೇಡಿಯೋಗೆ ಹೇಳಿದರು.

ನಿರ್ಮಲ ಗೋಡೆಯ ಕ್ಯಾಲೆಂಡರಿಗೆ ಹೇಳಿದಳು: "ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಒಳಗೆ ಕರ್ಕೊಂಡ್ ಹೋಗ್ತಾರಂತೆ. ಅಷ್ಟರೊಳಗೆ ಅಪ್ಪ ಮಗಳು ಇಬ್ರೂ ಒಟ್ಟಿಗೆ ನನ್ನ ಮುಂದೆ ಬಂದು ನಿಲ್ಬೇಕು ಅಂದಿದಾಳೆ ಅಮ್ಮ."

ಉಮಾಮಹೇಶ್ವರಯ್ಯನವರಿಗೆ ಹೆಂಡತಿಯ ಹಂಚಿಕೆ ಆಗಲೇ ಅರ್ಥವಾಯಿತು. ಹಾಸಿಗೆಯಲ್ಲಿ ಮಲಗಿರುವ ತಾಯಿಯನ್ನು ಬಿಟ್ಟು ಮಗಳು ಇಷ್ಟು ದೂರ ಬಂದಿದ್ದು ಯಾತಕ್ಕೆ? ಅಳಿಯ ಅಲ್ಲಿ ನೋಡಿಕೊಳ್ಳುತ್ತಾನೆ, ನೀನು ಹೋಗಿ ಅಪ್ಪನ ಜೊತೆ ಬಾ ಎಂದು ಇವಳನ್ನು ಅಟ್ಟಿದ್ದಾಳೆ. ತಾನು ನಡುವೆ ಇಲ್ಲದೆ, ಅಷ್ಟು ದೂರದ ದಾರಿ ಒಂದೇ ಕಾರಿನಲ್ಲಿ ಕೂತರೆ ಇವರಿಬ್ಬರೂ ಬಾಯಿ ಬಿಡದೆ ಏನು ಮಾಡುತ್ತಾರೆ ಎಂದು ಅವಳ ಎಣಿಕೆ. ಅವರಿಗೆ ಒಳಗೊಳಗೇ ನಗು ಬಂತು. ಆಪರೇಷನ್ನಿಗೆ ಮುಂಚೆ ಅವಳಿಗೆ ಬೇಕಾಗಿರುವುದು ಇಷ್ಟೇ.

ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಕಾರಿಗೆ ಜಾಕ್ ಕೊಟ್ಟರು. ಚಕ್ರಗಳಿಗೆ ಇಟ್ಟಿಗೆ ಇಟ್ಟರು, ಬಾನೆಟ್ ಎತ್ತಿ ಬುರುಡೆಗೆ ಎಣ್ಣೆ ತುಂಬಿದರು. ನಿರ್ಮಲ ಸೆರಗು ಸಿಕ್ಕಿಸಿಕೊಂಡು ಯಾರೂ ಹೇಳದೆಯೇ ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ಪಕ್ಕದ ಕ್ವಾರ್ಟರ್ಸಿನ ಕಮಲಾಕ್ಷ ಶೆಟ್ಟರು ಬೇಲಿಯ ಮೇಲಿಂದ ಇಣುಕಿದರು. ಮಂಗಳೂರು ಕಡೆಯವರು, ಮಹಾ ಮಾತುಗಾರರು.

"ಎಂತ ಸ್ವಾಮೀ, ಬ್ರೇಕಾ? ಸುಮಿತ್ರಕ್ಕ ಇಲ್ಲ ಅಲ್ವಾ. ನಾನು ಬಂದು ಎಣ್ಣೆ ನೋಡಿಕೊಳ್ತೇನೆ."

ಅಪ್ಪ ಮಗಳು ಮಾತಾಡದಿರುವುದನ್ನು ಕಮಲಾಕ್ಷರು ನೋಡುವುದೇ? ನಾಳೆ ಇಡೀ ಕಚೇರಿಗೆ ಗೊತ್ತಾದ ಹಾಗೆ. "ಬೇಡಿ ಬೇಡಿ, ಚಿಕ್ಕ ಕೆಲಸ, ನಾವೇ ಮುಗಿಸ್ತೀವಿ," ಎಂದು ಉಮಾಮಹೇಶ್ವರಯ್ಯ ಅವಸರದಿಂದ ಹೇಳಿ ಕಾರಿನಡಿ ಸೇರಿಕೊಂಡರು.

ಚಕ್ರದ ಹತ್ತಿರ ಮಲಗಿದ ಮೇಲೆ ಕಷ್ಟ ಗೊತ್ತಾಯಿತು. ಸುದ್ದಿಯನ್ನು ರೇಡಿಯೋಗೆ ಹೇಳಬಹುದು, ಕ್ಯಾಲೆಂಡರಿಗೆ ಹೇಳಬಹುದು. "ಒತ್ತು" ಎಂಬುದನ್ನು ಯಾರಿಗೆ ಹೇಳುವುದು? ಅದು ಕೂತಿರುವವಳಿಗೇ ಹೇಳಬೇಕಾದ ಮಾತು. ನಾಲ್ಕು ವರ್ಷ ಬಿಗಿಹಿಡಿದದ್ದನ್ನು ಒಂದು ಹಾಳು ನಿಪ್ಪಲಿನ ಮುಂದೆ ಬಿಟ್ಟುಕೊಡುವುದೇ ಎಂದು ಅವರಿಗೆ ಅನಿಸಿತು. ಸ್ಪ್ಯಾನರಿನಿಂದ ಚಕ್ರದ ಡ್ರಮ್ಮಿಗೆ ಒಂದು ಪೆಟ್ಟು ಕೊಟ್ಟರು. ಪೆಡಲ್ ಕಿರ್ರೆಂದು ಕೆಳಗಿಳಿಯಿತು. ನಿಪ್ಪಲ್ ಸಡಿಲಿಸಿ, ಗುಳ್ಳೆ ನೋಡಿ, ಬಿಗಿ ಮಾಡಿ ಎರಡು ಪೆಟ್ಟು ಕೊಟ್ಟರು. ಪೆಡಲ್ ಮೇಲೆ ಬಂತು. ಮಗಳಿಗೆ ಅರ್ಥವಾಗಿತ್ತು. ಜಾಣೆ ಎಂದುಕೊಂಡರು, ಹೆಮ್ಮೆಯಾಯಿತು, ಆ ಹೆಮ್ಮೆಯ ಮೇಲೆ ಸಿಟ್ಟೂ ಬಂತು.

ಒಂದು ಪೆಟ್ಟು, ಎರಡು ಪೆಟ್ಟು. ಮೊದಲ ಚಕ್ರ ಮುಗಿಯಿತು. ಎರಡನೆಯದರಲ್ಲಿ ಗುಳ್ಳೆ ಕಡಿಮೆಯಾಗುತ್ತಾ ಬಂದದ್ದು ಇದ್ದಕ್ಕಿದ್ದಂತೆ ಜಾಸ್ತಿಯಾಯಿತು. ಇವಳು ಪೆಟ್ಟು ಕೇಳುವ ಮೊದಲೇ ಕಾಲು ತೆಗೆಯುತ್ತಿದ್ದಾಳೆ ಎಂದುಕೊಂಡು ಉಮಾಮಹೇಶ್ವರಯ್ಯ ಸಿಟ್ಟಿನಿಂದ ಜೋರಾಗಿ ಹೊಡೆದರು. ಮತ್ತೂ ಗುಳ್ಳೆ. ನಿಪ್ಪಲಿಗೆ ಸಿಕ್ಕಿಸಿ ಗಾಜಿನ ಬಾಟಲಿಯೊಳಗೆ ಇಳಿಬಿಟ್ಟಿದ್ದ ಕೊಳವೆಯ ತುದಿಯಿಂದ ಸೋಡಾದ ಹಾಗೆ ಉಕ್ಕುತ್ತಿತ್ತು. ಎಷ್ಟು ಹೊತ್ತು ಹಾಗೇ ಹೊಡೆಯುತ್ತಿದ್ದರೋ. ಕೊನೆಗೆ ಕೊಳವೆಯಿಂದ ಎಣ್ಣೆಯೇ ಬರದೆ ಬರೀ ಬುಸ್ ಬುಸ್ ಎಂದಾಗ ತೆವಳಿಕೊಂಡು ಎದ್ದು, ಸುತ್ತು ಹಾಕಿ ಬಾನೆಟ್ಟಿನ ಹತ್ತಿರ ಹೋದರು.

ಬುರುಡೆ ಒಣಗಿ ನಿಂತಿತ್ತು. ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗಿ, ಮೂಲದಿಂದ ತುದಿಯವರೆಗೆ ಗಾಳಿ ತುಂಬಿಕೊಂಡಿತ್ತು. ಡಬ್ಬ ಅಲ್ಲಾಡಿಸಿ ನೋಡಿದರು. ತಳದಲ್ಲಿ ಒಂದು ಹನಿ ಗಿಲಗುಟ್ಟಿತು.

ನಿರ್ಮಲ ಇಳಿದು ಬಂದು ಬುರುಡೆಯೊಳಗೆ ನೋಡಿದಳು. ಅವಳಿಗೆ ಗೊತ್ತಾಗಿರಲೇಬೇಕು, ಪೆಡಲ್ ಕಾಲಿನಡಿ ಹಾಗೆ ಜೋತುಬಿದ್ದರೆ ಏನರ್ಥ ಎಂದು ಅವಳಿಗೆ ಲಂಗದ ಕಾಲದಿಂದ ಗೊತ್ತು. ಅಪ್ಪಾ, ಎಣ್ಣೆ ನೋಡಿ ಎಂದಿದ್ದರೆ ಸಾಕಿತ್ತು. ಯಾಕೆ ಹೇಳಲಿಲ್ಲ ಎಂದು ಉಮಾಮಹೇಶ್ವರಯ್ಯನವರಿಗೆ ರೇಗಿತು. ಆಮೇಲೆ, ಎಣ್ಣೆ ಎಷ್ಟಿದೆ ಎಂದು ನಾನೇಕೆ ಕೇಳಲಿಲ್ಲ ಎಂದುಕೊಂಡರು. ಇಬ್ಬರೂ ಬಾನೆಟ್ಟಿನ ಎರಡು ಮಗ್ಗುಲಲ್ಲಿ ನಿಂತು ಆ ಖಾಲಿ ಬುರುಡೆಯನ್ನೇ ನೋಡಿದರು. ಇಷ್ಟು ವರ್ಷ ಅದನ್ನು ನೋಡಿಕೊಳ್ಳುವುದೂ ಒಂದು ಕೆಲಸ ಎಂದು ಇಬ್ಬರಿಗೂ ತೋಚಿರಲೇ ಇಲ್ಲ. ಸುಮಿತ್ರ ಸುಮ್ಮನೆ ಡಬ್ಬ ಹಿಡಿದು ನಿಂತಿರುತ್ತಾಳೆ, ಅಷ್ಟೇ ಎಂದುಕೊಂಡಿದ್ದರು.

ಭಾನುವಾರ ಎಣ್ಣೆ ಎಲ್ಲಿ ಸಿಗಬೇಕು? ಕಮಲಾಕ್ಷರು ಮತ್ತೆ ಬೇಲಿಗೆ ಬಂದು, "ಬಸ್ಸಲ್ಲಿ ಹೋಗಿ ಮಾರಾಯ್ರೆ, ಕಾರು ಆಮೇಲೆ ನೋಡಿಕೊಂಡರಾಯ್ತು," ಎಂದರು. ಒಳ್ಳೆಯ ಮಾತೇ. ಆದರೆ ಹೊಟ್ಟೆ ಕೊಯ್ಸಿಕೊಂಡವಳನ್ನು ಕಾರಲ್ಲಿ ಮಲಗಿಸಿ ಕರೆತರುತ್ತೇನೆ ಎಂದು ಮಾತು ಕೊಟ್ಟಿದ್ದಾಗಿತ್ತು. ಸಂಜೆಯೊಳಗೆ ಮುಗಿಸಿ ಹೊರಡಬಹುದು ಎಂದು ಉಮಾಮಹೇಶ್ವರಯ್ಯ ದೋಣಿ ಹಿಡಿದು ಎರ್ನಾಕುಲಂಗೆ ಹೋದರು. ಬಿಡಿಭಾಗದ ಅಂಗಡಿಗಳ ಸಾಲಿಗೆ ಸಾಲೇ ಮುಚ್ಚಿತ್ತು. ಪರಿಚಯದ ಅಂಗಡಿಯ ಔಸೇಫನ ಮನೆ ಹುಡುಕಿದರೆ ಅವನು ಯಾರದೋ ಮಗುವಿನ ನಾಮಕರಣಕ್ಕೆ ಚರ್ಚಿಗೆ ಹೋಗಿದ್ದ. ಅವನ ಜಗಲಿಯಲ್ಲಿ ಕಾಯುತ್ತಾ ಕೂತರು. ಮನೆಯವರು ಕೊಟ್ಟ ಹಾಲಿಲ್ಲದ ಕಟ್ಟನ್ ಚಹಾ ಕುಡಿದು, ಮತ್ತೆ ಕಾಯ್ದರು. ಔಸೇಫ ಬಂದು, ಅಂಗಡಿ ತೆಗೆದು, ಇದ್ದದ್ದೇ ಇದೊಂದು ಎಂದು ಚಿಕ್ಕ ಡಬ್ಬವೊಂದನ್ನು ಕೊಟ್ಟಾಗ ಬಿಸಿಲು ಇಳಿದಿತ್ತು.

ಮನೆಗೆ ಬಂದರೆ ಅಡುಗೆ ಮುಚ್ಚಿಟ್ಟಿತ್ತು. ಎರಡು ತಟ್ಟೆ ಬೋರಲು ಹಾಕಿತ್ತು. ಅವಳೂ ಉಂಡಿರಲಿಲ್ಲ. ಉಣ್ಣಬಾರದಾಗಿತ್ತೇ ಎಂದು ಗದರಬೇಕೆನ್ನಿಸಿ, ಗದರಲು ನಡುವೆ ಯಾರೂ ಇಲ್ಲದೆ, ಸುಮ್ಮನೆ ಎರಡೂ ತಟ್ಟೆಗೆ ತಾವೇ ಬಡಿಸಿದರು.

ಮತ್ತೆ ಕೆಲಸ ಹಿಡಿದರು. ಈ ಸಲ ಸ್ವಲ್ಪ ಹೊತ್ತಿಗೊಮ್ಮೆ ನಿರ್ಮಲ ಸೀಟಿನಿಂದ ಇಳಿದು ಬಂದು ಬುರುಡೆಗೆ ಎಣ್ಣೆ ಹೊಯ್ದು, ಹೋಗಿ ಕೂತು ಒತ್ತುವಳು. ಕಾರಿನಡಿಯಿಂದ ಅವರಿಗೆ ಅವಳ ಪಾದಗಳು ಅತ್ತಿಂದಿತ್ತ ಹೋಗುವುದು ಮಾತ್ರ ಕಾಣುತ್ತಿತ್ತು. ಹಿಮ್ಮಡಿ ಥೇಟು ಸುಮಿತ್ರಳದೇ. ಆ ಗಳಿಗೆಯಲ್ಲಿ "ಒತ್ತಮ್ಮಾ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದದ್ದು ನಿಜ. ಹಾಗೇ ನುಂಗಿದ್ದೂ ನಿಜ. ನಾಳೆ ಬೆಳಿಗ್ಗೆ ಸುಮಿತ್ರಳ ಮುಂದೆಯೇ ಮೊದಲ ಮಾತು ಆಡುತ್ತೇನೆ ಎಂದು ಅಲ್ಲಿ, ಕಾರಿನಡಿಯಲ್ಲಿ, ಅವರು ನಿರ್ಧಾರ ಮಾಡಿದರು. ಇಲ್ಲಿ ಯಾರೂ ಇಲ್ಲದ ಕಡೆ ಆಡಿಬಿಟ್ಟರೆ ಅವಳಿಗೇನು ಸಿಕ್ಕ ಹಾಗಾಯಿತು? ಅವಳು ನೋಡಬೇಕು. ಅವಳ ಕಣ್ಣ ಮುಂದೆ ಮಗಳ ಹೆಸರು ಹಿಡಿದು ಕರೆಯಬೇಕು. ಇಷ್ಟು ವರ್ಷದ ಅವಳ ಕೂಲಿ ಅದು. ನಾಲ್ಕು ವರ್ಷದಲ್ಲಿ ಅವರು ಮಾಡಿದ ಒಂದೇ ಒಳ್ಳೆಯ ಯೋಚನೆ ಇದು, ಅದನ್ನೂ ಒಂದು ದಿನ ಮುಂದಕ್ಕೆ ಹಾಕಿದರು.

ಹಿಂದಿನ ಚಕ್ರಗಳೆರಡೂ ಸರಿಯಾದವು. ಮುಂದಿನವಕ್ಕೆ ಬರುವಷ್ಟರಲ್ಲಿ ಡಬ್ಬ ಮುಗಿಯಿತು, ಬೆಳಕೂ ಮುಗಿಯಿತು. ಪೆಡಲ್ ಮೊದಲ ಸಲ ಮೆತ್ತಗೆ ಕೆಳಗಿಳಿಯುತ್ತಿತ್ತು, ಬಿಟ್ಟು ಮತ್ತೆ ಒತ್ತಿದರೆ ಹಿಡಿಯುತ್ತಿತ್ತು. ಇಂಥ ಬ್ರೇಕಿನಲ್ಲಿ ರಾತ್ರಿಯೆಲ್ಲ ಓಡಿಸುವುದು ಬೇಡ, ಬೆಳಗಿನ ಜಾವ ಹೊರಟು ನಿಧಾನವಾಗಿ ಹೋಗೋಣ ಎಂದು ರೇಡಿಯೋಗೆ ಹೇಳಿದರು. ಕ್ಯಾಲೆಂಡರು ಒಪ್ಪಿತು.

ಸೋಮವಾರ ಬೆಳಕು ಹರಿಯುವ ಮೊದಲೇ ಹೊರಟರು. ನಿರ್ಮಲ ಹಿಂದೆ ಕೂರುತ್ತಾಳೆ ಎಂದುಕೊಂಡಿದ್ದರು, ಅವಳು ಮುಂದೆ, ಪಕ್ಕದಲ್ಲೇ ಕೂತಳು. ಆಲಪ್ಪುಳ ದಾಟಿತು. ಕಾಯಂಕುಳಂ ದಾಟಿತು. ರೈಲುಗಳು ನಿಂತು ಹೋಗಿದ್ದರಿಂದ ಗೇಟುಗಳೆಲ್ಲ ತೆರೆದೇ ಇದ್ದವು, ಹಳಿಗಳ ಮೇಲೆ ಆಡುಗಳು ಮಲಗಿದ್ದವು. ಎದುರಿಗೆ ಏನಾದರೂ ಕಂಡರೆ ಉಮಾಮಹೇಶ್ವರಯ್ಯ ದೂರದಿಂದಲೇ ಪೆಡಲನ್ನು ಒಮ್ಮೆ ಒತ್ತಿ ಬಿಟ್ಟು, ಮತ್ತೆ ಒತ್ತುವರು. ಮಾಮೂಲಿ ಓಡುವ ವೇಗದ ಅರ್ಧವೂ ಓಡಿಸುವ ಹಾಗಿರಲಿಲ್ಲ. ಮನಸ್ಸಿನಲ್ಲಿ ಮಾತ್ರ ಅವರು ಆಗಲೇ ಆಸ್ಪತ್ರೆ ಸೇರಿ, ಹೇಳಬೇಕಾದದ್ದನ್ನು ಮತ್ತೆ ಮತ್ತೆ ಹೇಳಿ ನೋಡುತ್ತಿದ್ದರು. ದೊಡ್ಡ ಮಾತೇನೂ ಬೇಡ. "ನಿರ್ಮಲಾ, ಅಮ್ಮನ ಕಾಲಿಗೆ ಹೊದಿಕೆ ಎಳಿಯಮ್ಮ" ಎಂದರೆ ಸಾಕು. ಸುಮಿತ್ರ ಮೊದಲು ನಂಬುವುದಿಲ್ಲ. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾಳೆ.

ಆಟ್ಟಿಂಗಲ್ಲಿನ ಇಳಿಜಾರಿನಲ್ಲಿ ತೆಂಗಿನ ನಾರಿನ ಹೊರೆ ಹೊತ್ತ ಕೈಗಾಡಿಯೊಂದು ಅಡ್ಡ ಬಂತು. ಎರಡನೆಯ ಸಲ ಒತ್ತುವಷ್ಟು ಹೊತ್ತಿರಲಿಲ್ಲ. "ಅಪ್ಪಾ!" ಎಂದು ನಿರ್ಮಲ ಕಿರುಚಿ ಅವರ ತೋಳು ಹಿಡಿದುಕೊಂಡಳು. ಅವರು ಸ್ಟಿಯರಿಂಗ್ ಎಳೆದು ಕಾರನ್ನು ರಸ್ತೆಯ ಪಕ್ಕದ ಮರಳಿಗೆ ಇಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಚಕ್ರ ಮಾತ್ರ ಅರ್ಧ ಹೂತಿತ್ತು. ಟೀ ಅಂಗಡಿಯಲ್ಲಿದ್ದವರೆಲ್ಲ ಬಂದು, ಚಕ್ರದಡಿಗೆ ತೆಂಗಿನ ಗರಿಯ ಮಡಲು ಕೊಟ್ಟು, ತಳ್ಳಿ ಮೇಲೆತ್ತುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮತ್ತೆ ಹೊರಟಾಗಲೂ ಅವಳ ಕೈ ಅವರ ತೋಳಿನ ಮೇಲೇ ಇತ್ತು. ಅವಳು ತನ್ನ ಹಠ ಬಿಟ್ಟು ಕೂಗಿಬಿಟ್ಟಿದ್ದಾಳೆ, ಈಗ ನನ್ನ ಸರದಿ ಎಂದು ಅವರಿಗೆ ಗೊತ್ತಿತ್ತು. ಇನ್ನೊಂದು ಗಳಿಗೆ ತಾಳು ಮಗಳೇ, ಅಮ್ಮ ಕೇಳಲಿ ಎಂದು ಒಳಗೇ ಬೇಡಿಕೊಂಡು ಹಲ್ಲು ಕಚ್ಚಿ ಕಾರು ಓಡಿಸಿದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಸುಕುಮಾರನ್ ನಿಂತಿದ್ದ. ಅಳಿಯನನ್ನು ಅವರು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅತ್ತೆಯಿಂದ ಈ ಕೆಲವು ದಿನಗಳಲ್ಲಿ ಕಲಿತ ಕನ್ನಡದಲ್ಲಿ ಅವನು ತಡವರಿಸುತ್ತಾ ಹೇಳಿದ:

"ಅಮ್ಮ ಒಳಗೆ ಹೋದ್ರು ಸಾರ್. ಡಾಕ್ಟರ್ ಸ್ವಲ್ಪ ಕಾದ್ರು. ಇನ್ನು ಆಗಲ್ಲ ಹೇಳಿದ್ರು."

ಉಮಾಮಹೇಶ್ವರಯ್ಯ ರೈಲಿಂಗ್ ಹಿಡಿದುಕೊಂಡರು. "ಏನಾದ್ರೂ ಹೇಳಿದ್ಲೇನಪ್ಪಾ?" ಎಂದು ಅವನನ್ನೇ ಕೇಳಿದರು.

"ಕೇಳಿದ್ರು. ಅವರು ಬಂದ್ರಾ ಅಂತ ಅಲ್ಲ. ಅವರು ಮಾತಾಡಿದ್ರಾ ಅಂತ." ಸುಕುಮಾರನ್ ತಲೆ ತಗ್ಗಿಸಿದ. "ನಾನು ಸುಳ್ಳು ಹೇಳಿದೆ ಸಾರ್. ಕೊಲ್ಲಂನಿಂದ ಫೋನ್ ಬಂತು, ಇಬ್ರೂ ಜೋರು ಮಾತಾಡ್ತಾ ಬರ್ತಾ ಇದಾರೆ ಅಂತ ಹೇಳಿದೆ. ಅಮ್ಮ ನಗ್ತಾ ಹೋದ್ರು."

ಈ ಹುಡುಗನ ಹೆಸರನ್ನೂ ತನ್ನ ಮನೆಯಲ್ಲಿ ಎತ್ತಲು ಬಿಟ್ಟಿರಲಿಲ್ಲವಲ್ಲ ಎಂದು ಉಮಾಮಹೇಶ್ವರಯ್ಯನವರಿಗೆ ನಾಚಿಕೆಯಾಯಿತು. ಹೊರಗೆ ಬರಲಿ, ಪ್ರಜ್ಞೆ ಬರಲಿ, ಆ ಸುಳ್ಳನ್ನು ನಿಜ ಮಾಡಿದರಾಯಿತು ಎಂದುಕೊಂಡರು. ಆಪರೇಷನ್ ಕೋಣೆಯ ಎದುರಿನ ಉದ್ದನೆಯ ಬೆಂಚಿನಲ್ಲಿ ಕೂತರು. ನಿರ್ಮಲ ಬಂದು ಅದೇ ಬೆಂಚಿನಲ್ಲೇ, ಅವರ ಎಡಕ್ಕೆ, ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು. ಬೇಕೆಂದು ಬಿಟ್ಟದ್ದಲ್ಲ. ಮನೆಯಲ್ಲಿ ಕೂತು ಅಭ್ಯಾಸ.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಡಾಕ್ಟರು ಬಂದು, ಕನ್ನಡದ ಹಿರಿಯರಿಗೆ ಹೇಗೆ ಹೇಳಲಿ ಎಂದೋ ಏನೋ, ನಿರ್ಮಲಳನ್ನೂ ಸುಕುಮಾರನ್ನನ್ನೂ ದೂರಕ್ಕೆ ಕರೆದು ಮಲಯಾಳದಲ್ಲಿ ಮೆಲ್ಲಗೆ ಹೇಳಿದರು. ಗಡ್ಡೆ ತೆಗೆದದ್ದಾಯಿತು, ಆದರೆ ಎದೆ ತಡೆದುಕೊಳ್ಳಲಿಲ್ಲ, ಎಷ್ಟು ಪ್ರಯತ್ನ ಪಟ್ಟರೂ ಆಗಲಿಲ್ಲ. ಅಷ್ಟು ದೂರಕ್ಕೆ ಉಮಾಮಹೇಶ್ವರಯ್ಯನವರಿಗೆ ಏನೂ ಕೇಳಿಸಲಿಲ್ಲ. ಸುಕುಮಾರನ್ ನಿರ್ಮಲಳ ಬೆನ್ನಿಗೆ ಕೈ ಕೊಟ್ಟದ್ದು ಕಾಣಿಸಿತು.

ನಿರ್ಮಲ ವಾಪಸು ಬಂದು ಅವರ ಎದುರಿಗೆ ನಿಂತಳು.

"ಅಪ್ಪಾ, ಅಮ್ಮ ಹೋಗ್ಬಿಟ್ಲು."

ಅವರಿಗೆ ಚೆನ್ನಾಗಿ ಕೇಳಿಸಿತು. ಒಂದೊಂದು ಅಕ್ಷರವೂ ಕೇಳಿಸಿತು. ಆದರೂ ಅವರು ಮಗಳ ಮುಖದಿಂದ ಕಣ್ಣು ತೆಗೆದು, ನಿಧಾನವಾಗಿ ಎಡಕ್ಕೆ, ಬೆಂಚಿನ ಆ ಖಾಲಿ ಜಾಗದ ಕಡೆಗೆ ತಿರುಗಿದರು.

"ಏನಂತೆ ಕಣೇ ಅವಳು ಹೇಳ್ತಿರೋದು?" ಎಂದು ಕೇಳಿದರು.

ನಿರ್ಮಲ ಬಂದು ಆ ಜಾಗದಲ್ಲಿ ಕೂತಳು. ಬ್ರೇಕ್ ಎಣ್ಣೆಯ ವಾಸನೆ ಇನ್ನೂ ಹೋಗಿರದ ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಮ್ಮ ಹೋಗ್ಬಿಟ್ಲಂತೆ," ಎಂದಳು.

ಹಾಗೆ ಹೇಳಿದ ಮೇಲೆಯೇ ಆ ಮಾತು ಉಮಾಮಹೇಶ್ವರಯ್ಯನವರಿಗೆ ಮುಟ್ಟಿತು.